ಮಳೆ ಬಂತಾ ಎಂದು ಕೇಳಬೇಡಿ

ನಮ್ಮ ರಾಯದುರ್ಗದ ಬಜಾರಿನ ತುದಿಯಲ್ಲಿ ಕೊಡೆ, ಬ್ಯಾಗು, ಜಿಪ್ಪು ರಿಪೇರಿ ಮಾಡುವವನೊಬ್ಬ ಕೂರುತ್ತಾನೆ. ಮೊನ್ನೆ ಅವನ ಮುಂದೆ ನನ್ನ ಕೊಡೆ ಬಿಚ್ಚಿ ಹಿಡಿದೆ. ಒಂದು ಕಡ್ಡಿ ಮುರಿದು, ಬಟ್ಟೆ ಆ ಕಡೆ ಜೋತು ಬಿದ್ದಿತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಅಕ್ಕಾರೆ, ಇಂಥಾ ಕಡ್ಡಿ ಈಗ ಎಲ್ಲೂ ಸಿಗಂಗಿಲ್ರಿ. ಹೊಸಾದು ತಗೊಂಡ್ಬಿಡ್ರಿ. ಅವಸರ ಏನೈತ್ರಿ, ಮಳಿ ಎಲ್ಲೈತಿ ಈಗ?”

ಅವನು ಮಳೆಯ ಮಾತು ಎತ್ತಬಾರದಿತ್ತು. “ನಿನ್ನ ಮಳಿ ಸುದ್ದಿ ಯಾರು ಕೇಳಿದ್ರಪ್ಪಾ? ರಿಪೇರಿ ಆಕ್ಕತೇನು ಇಲ್ಲೇನು, ಅಷ್ಟು ಹೇಳು!” ಎಂದು ಬಜಾರೆಲ್ಲ ತಿರುಗಿ ನೋಡುವ ಹಾಗೆ ಕೂಗಿಬಿಟ್ಟೆ. ಪಾಪ, ಅವನು ಕೊಡೆಯನ್ನು ಹಾವು ಹಿಡಿದವನಂತೆ ಕೆಳಗಿಟ್ಟ. ನನ್ನ ಹೆಸರು ಶಾಂತಮ್ಮ. ತೊಟ್ಟಿಲಲ್ಲಿ ಹಾಕಿ ಹೆಸರು ಕೂಗಿದವರಿಗೆ ಮುಂದಿನದು ಕಾಣಿಸಿರಲಿಲ್ಲ.

ಸಿಟ್ಟು ಯಾಕೆ ಬಂತೆಂದು ನಿಮಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ಮಳೆಗೆ ಕೊಡೆ ಹಿಡಿಯುವವರು ಕಡಿಮೆ. ಬರುವುದೇ ಅಪರೂಪ, ಬಂದದ್ದಕ್ಕೆ ಅಡ್ಡ ಹಿಡಿದರೆ ಅದು ಬೇಜಾರು ಮಾಡಿಕೊಂಡೀತು ಎಂದು ನೆನೆಯುತ್ತಾರೆ. ನಾನು ಹಿಡಿಯುವುದು ಬಿಸಿಲಿಗೆ. ನನಗೆ ತೊನ್ನು. ಐವತ್ತು ದಾಟಿದ ಈ ಹೊತ್ತಿಗೆ ಮುಖವೂ ಸೇರಿ ಮೈಯ ಮುಕ್ಕಾಲು ಭಾಗ ಬೆಳ್ಳಗಾಗಿದೆ. ಆ ಚರ್ಮಕ್ಕೆ ನಮ್ಮ ಬಿಸಿಲು ತಾಗಿದರೆ ಕೆಂಪಗೆ ಬೊಕ್ಕೆ ಏಳುತ್ತದೆ. ಇದು ಅಂಟುವುದಿಲ್ಲ, ಸಾಯಿಸುವುದಿಲ್ಲ ಎಂದು ಡಾಕ್ಟರು ನನಗೆ ಚೆನ್ನಾಗಿ ತಿಳಿಸಿ ಹೇಳಿದ್ದಾರೆ. ನನಗೆ ಹೇಳಿ ಏನು ಪ್ರಯೋಜನ, ಊರಿಗೆ ಹೇಳಬೇಕಿತ್ತು.

ನಮ್ಮದು ರವಿಕೆ ಬಟ್ಟೆ, ಲೈನಿಂಗು, ಫಾಲ್ಸು ಮಾರುವ ಮ್ಯಾಚಿಂಗ್ ಸೆಂಟರ್. ನಮ್ಮ ಮನೆಯವರು ಕತ್ತರಿ ಹಿಡಿದು ಒಳಗೆ, ನಾನು ಗಾಜಿನ ಕೌಂಟರಿನಲ್ಲಿ ಹೊರಗೆ. ಬೋರ್ಡಿನ ಮೇಲೆ ದೇವರ ಹೆಸರಿದೆ. ಆದರೆ ತೆಲುಗಿನವರು ತಮ್ಮ ತಮ್ಮಲ್ಲಿ ‘ಬೊಲ್ಲಕ್ಕನ ಅಂಗಡಿ’ ಎನ್ನುತ್ತಾರೆ. ಬೊಲ್ಲಿ ಎಂದರೆ ತೊನ್ನು. ಅವರಿಗೆ ಅಂಗಡಿಯ ಗುರುತು ಸಿಗುತ್ತದೆ, ನನಗೆ ವ್ಯಾಪಾರ ಸಿಗುತ್ತದೆ, ಆದರೂ ಒಳಗೆ ಉರಿಯುತ್ತದೆ. ಎಷ್ಟೋ ಹೆಂಗಸರು ನೋಟನ್ನು ನನ್ನ ಕೈಗೆ ಕೊಡದೆ ಗಾಜಿನ ಮೇಲಿಟ್ಟು ಬೆರಳ ತುದಿಯಿಂದ ತಳ್ಳುತ್ತಿದ್ದರು. ಈಗ ಫೋನು ತೋರಿಸಿ ದುಡ್ಡು ಕೊಡುವ ಕಾಲ ಬಂತು. ಅದರಿಂದ ದೇಶಕ್ಕೆ ಏನು ಉಪಕಾರವಾಯಿತೋ ಗೊತ್ತಿಲ್ಲ, ನನ್ನ ಗಿರಾಕಿಗಳಿಗೆ ಮಾತ್ರ ದೊಡ್ಡ ಭಾರ ಇಳಿಯಿತು.

ಲಾಭವೂ ಉಂಟು, ಸುಳ್ಳು ಹೇಳಬಾರದು. ಕಲ್ಯಾಣದುರ್ಗದ ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದ ಸೀಟು ಖಾಲಿ. ಬಾಗಿಲಲ್ಲಿ ಜನ ಜೋತಾಡುತ್ತಿರುವಾಗ ನನ್ನ ಕೈಚೀಲ ಕಾಲು ಚಾಚಿಕೊಂಡು ಕೂರುತ್ತದೆ. ಒಮ್ಮೆ ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೋಗಿದ್ದೆವು. ಕಾಲೇಜು ಹುಡುಗಿಯರ ಗುಂಪೊಂದು ನನ್ನನ್ನೇ ನೋಡಿ ನೋಡಿ, ಕೊನೆಗೆ ಧೈರ್ಯ ಮಾಡಿ ಹತ್ತಿರ ಬಂದು, “ಮೇಡಂ, ವಿಚ್ ಕಂಟ್ರಿ? ಒನ್ ಸೆಲ್ಫಿ ಪ್ಲೀಸ್” ಎಂದಿತು. ನಮ್ಮ ಮನೆಯವರು ಹಿಂದಿನಿಂದ, “ರಷ್ಯಾ ಅನ್ನು, ರಷ್ಯಾ ಅನ್ನು” ಎಂದು ಪಿಸುಗುಟ್ಟಿದರು. ಹುಡುಗಿಯರು ಎಡಕ್ಕೂ ಬಲಕ್ಕೂ ನನಗೆ ಭುಜ ಒತ್ತಿ ನಿಂತರು. ಅಷ್ಟು ಹತ್ತಿರ ಯಾರೂ ನಿಂತು ಎಷ್ಟು ಕಾಲವಾಗಿತ್ತೋ. ನಾನು ಖುಷಿಯಲ್ಲಿ ಬಾಯಿ ಬಿಟ್ಟು, “ನಂದು ಮಡಕಶಿರ ಕಂಟ್ರಿ ಕಣ್ರಮ್ಮಾ” ಎಂದೆ. ಅಷ್ಟೇ, ಭುಜಗಳು ಸರಿದುಹೋದವು. ಸೀಮೆಯಾಚೆಯ ಬಿಳುಪಿನ ಪಕ್ಕ ನಿಲ್ಲಬಹುದು, ಊರಿನ ಬಿಳುಪಿನ ಪಕ್ಕ ನಿಲ್ಲಬಾರದು. ನಮ್ಮ ಮನೆಯವರು ಬಸ್ಸಿನಲ್ಲಿ ದಾರಿಯುದ್ದಕ್ಕೂ, “ರಷ್ಯಾ ಅಂದಿದ್ರ ಏನು ಗಂಟು ಹೋಗ್ತಿತ್ತು?” ಎಂದು ಗೊಣಗಿದರು.

ಅವರು ಹಾಗೆಯೇ. ನನ್ನನ್ನು ನೋಡಲು ಬಂದಾಗ ಮೊಣಕೈಯ ಮಚ್ಚೆಯನ್ನು ಮೊದಲೇ ತೋರಿಸಿದೆ. “ಮ್ಯಾಚಿಂಗ್ ಸೆಂಟರ್ ನಡೆಸೋನಿಗೆ ಎರಡು ಬಣ್ಣದ ಹೆಂಡ್ತಿ ಸಿಕ್ರ ಅನುಕೂಲ ಆತು ಬಿಡ್ರಿ” ಎಂದುಬಿಟ್ಟರು. ನಮ್ಮ ಅಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಕೊಡೆಗೆ ಬರೋಣ. ಇದು ನನ್ನದಲ್ಲ, ದೊಡ್ಡತ್ತೆಯದು. ದೊಡ್ಡತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ತವರು ಮಡಕಶಿರದ ಆಚೆ, ಗುಡಿಬಂಡೆಯ ಹತ್ತಿರದ ಒಂದು ಹಳ್ಳಿ. ದೊಡ್ಡತ್ತೆಗೂ ತೊನ್ನು, ಅದಕ್ಕೇ ಮದುವೆಯಾಗಲಿಲ್ಲ. ಅವ್ವ ತೀರಿಕೊಂಡಾಗ ತಮ್ಮ ಮಲ್ಲೇಶ ಇನ್ನೂ ಅಂಬೆಗಾಲಿಡುತ್ತಿದ್ದ. ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ತಲೆ ಬಾಚಿ, ಬೆನ್ನಿಗೆ ಗುದ್ದಿ, ಬಾಯಿಗೆ ಮುದ್ದೆ ಇಟ್ಟು ಬೆಳೆಸಿದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಗೂಡು ಕಟ್ಟಲು ಹಣ್ಣಾಗುವ ಮುಂಚೆ ಹುಳುಗಳೆಲ್ಲ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ತಿನ್ನುವಾಗ ಕೋಣೆಯಲ್ಲಿ ಸೋ ಎಂದು ಸದ್ದು ಏಳುತ್ತದೆ, ಹೊರಗೆ ಮಳೆ ಹಿಡಿದಂತೆ. “ಊರಿಗೆ ಇಲ್ದಿದ್ರೂ ನಮ್ಮನೇಲಿ ಮಳೆ ಐತೆ ಕಣಮ್ಮಿ” ಎನ್ನುತ್ತಿದ್ದಳು.

ಅವಳ ಚಿಕ್ಕಂದಿನಲ್ಲಿ ತಾತ ಅವಳಿಗೆ ಯಾವುದೋ ಪಂಡಿತನ ಔಷಧಿ ಮಾಡಿಸಿದ್ದ. ಬಾವಂಚಿ ಬೀಜವನ್ನು ಗಂಜಲದಲ್ಲಿ ನೆನೆಸಿ, ಅರೆದು, ಮಚ್ಚೆಗೆ ಹಚ್ಚಿ, ನಡುಬೇಸಿಗೆಯಲ್ಲಿ ಮನೆಯ ಹಿಂದಿನ ಬಂಡೆಯ ಮೇಲೆ ಕೂರಿಸುವುದು. ಬೊಕ್ಕೆ ಬಂದು ಒಡೆಯಬೇಕು, ಒಡೆದರೆ ಬಣ್ಣ ಬರುತ್ತದೆ ಎಂದು ಪಂಡಿತ ಹೇಳಿದ್ದನಂತೆ. ಬೊಕ್ಕೆ ಬಂತು, ಒಡೆಯಿತು, ಬಣ್ಣ ಬರಲಿಲ್ಲ. ವರ್ಷವರ್ಷವೂ ಕೂರಿಸಿದರು. ನನ್ನ ಮೊಣಕೈ ಮೇಲೆ ಸುಣ್ಣದ ಹನಿಯಂಥ ಮಚ್ಚೆ ಕಂಡ ದಿನ ಅವಳು ಅದನ್ನು ಸೆರಗಿನಿಂದ ಉಜ್ಜಿದಳು, ಉಗುಳು ಹಚ್ಚಿ ಉಜ್ಜಿದಳು. ಅದು ಹೋಗಲಿಲ್ಲ. “ನನ್ನ ಆಸ್ತಿ ಪೂರಾ ನಿಂಗೇ ಬಂತಲ್ಲಮ್ಮಿ” ಎಂದು ಕುಸಿದು ಕೂತಳು. ಅಪ್ಪ ಅದೇ ಔಷಧಿ ತಂದಾಗ ಮಾತ್ರ ಎದ್ದು ನಿಂತು, ಬಟ್ಟಲು ಸಮೇತ ತಿಪ್ಪೆಗೆ ಎಸೆದಳು. “ಈ ಮನೇಲಿ ಒಬ್ಳು ಸುಟ್ಕೊಂಡಿದ್ದು ಸಾಕು” ಎಂದು ತನ್ನ ಕೊಡೆಯನ್ನು ನನ್ನ ಕೈಗೆ ಕೊಟ್ಟಳು. ಬೆತ್ತದ ಹಿಡಿಯ ಕರೀ ಕೊಡೆ. ನನಗಿಂತ ಅದೇ ಎತ್ತರವಿತ್ತು.

ಸಾಯುವ ಮುಂಚೆ ಅವಳು ಬೇಡಿದ್ದು ಒಂದೇ. ನಾವು ಹೂಳುವ ಜನ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಮಣ್ಣು ಮುಚ್ಚುತ್ತೇವೆ. “ನಂಗೂ ಮಣ್ಣೇ ಕೊಡ್ರಪ್ಪ. ಯಾರೇನಂದ್ರೂ ಸುಡಬ್ಯಾಡಿ. ಬದುಕಿದ್ದಾಗ ಬಿಸ್ಲಾಗೆ ಸುಟ್ಟಿದ್ದು ಸಾಕು. ತಣ್ಣಗಿರೋ ಕಡೆ ಇಡಿ” ಎಂದಳು. ನಮ್ಮ ಕಡೆ ಭಾಷೆ ಎಂದರೆ ಬರೀ ಬಾಯಿಮಾತಲ್ಲ, ಕೈಯಲ್ಲಿ ಕೈಯಿಟ್ಟು ಹೇಳಬೇಕು. ನಾನೂ ಮಲ್ಲೇಶನೂ ಅವಳ ಕೈಯಲ್ಲಿ ಕೈಯಿಟ್ಟು ಭಾಷೆ ಕೊಟ್ಟೆವು. ತೋಟದ ಮೂಲೆಯ ಹೊಂಗೆ ಮರದ ನೆರಳಿನಲ್ಲಿ ಅವಳನ್ನು ಕೂರಿಸಿ ಬಂದೆವು.

ಅವಳು ಯಾಕೆ ಅಷ್ಟು ಬೇಡಿಕೊಂಡಳು ಎನ್ನುತ್ತೀರೋ? ತೊನ್ನಿದ್ದವರನ್ನು ಹೂತರೆ ಮಳೆ ಬರುವುದಿಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆ. ಮಳೆ ಹಿಂದೆಗೆದ ವರ್ಷ ಅಂಥವರ ಸಮಾಧಿ ಹುಡುಕಿ, ಅಗೆದು, ಉಳಿದದ್ದನ್ನು ಹೊರಗೆ ತೆಗೆದು ಸುಟ್ಟುಬಿಡುತ್ತಾರೆ. ನೀವು ಕೇಳಿಲ್ಲವೇ? ನಿಮ್ಮ ಪುಣ್ಯ.

ಹೋದ ವರ್ಷ ಮೃಗಶಿರ ಮಳೆ ಕೈಕೊಟ್ಟಿತು, ಆರಿದ್ರೆಯೂ ಹಾಗೇ ಹೋಯಿತು. ಸುಲಿದಿಟ್ಟ ಕಡಲೆಕಾಯಿ ಬೀಜ ಮನೆಮನೆಯಲ್ಲೂ ಚೀಲದಲ್ಲೇ ಕೂತಿತ್ತು. ಒಂದು ಬೆಳಿಗ್ಗೆ ಮಲ್ಲೇಶನ ಫೋನು. “ಅಕ್ಕ, ಊರೋರು ದೊಡ್ಡತ್ತೆ ವಿಷ್ಯ ಎತ್ತವ್ರೆ. ನೀನೊಂದು ಸಲ ಬಂದೋಗು” ಎಂದ. ದನಿಯಲ್ಲೇ ಅರ್ಧ ಒಪ್ಪಿಬಿಟ್ಟಿದ್ದ. ಕೊಡೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟೆ. ಕಲ್ಯಾಣದುರ್ಗಕ್ಕೊಂದು ಬಸ್ಸು, ಪಾವಗಡಕ್ಕೊಂದು, ಮಡಕಶಿರಕ್ಕೊಂದು, ಅಲ್ಲಿಂದ ಗುಡಿಬಂಡೆ ಆಟೋ. ಎಲ್ಲದರಲ್ಲೂ ಪಕ್ಕದ ಸೀಟಿನಲ್ಲಿ ಸಿಟ್ಟೇ ಕೂತಿತ್ತು.

ಅರಳಿಕಟ್ಟೆಯ ಮೇಲೆ ಹಿರಿಯರು ಸೇರಿದ್ದರು. ಕುರಿ ಸಾಕುವ ರಂಗಪ್ಪಣ್ಣನದೇ ಹಿರೇತನ. ಕೆಟ್ಟ ಮನುಷ್ಯನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದು ಬರಬಹುದಿತ್ತು. “ಬಾರವ್ವ ಶಾಂತಮ್ಮ, ಬಿಸ್ಲಾಗೆ ಬಂದಿದ್ದೀಯ, ಟೀ ಕುಡಿ” ಎಂದ. ಅಂಗಡಿಯಿಂದ ಟೀ ಬಂತು. ಅವರಿಗೆಲ್ಲ ಗಾಜಿನ ಲೋಟ, ನನಗೊಬ್ಬಳಿಗೆ ಕಾಗದದ್ದು.

“ನಿಮ್ಮ ದೊಡ್ಡತ್ತೆ ಮ್ಯಾಲೆ ನಮಗೇನು ಕ್ವಾಪ ಇಲ್ಲ ಕಣವ್ವ. ನನ್ನ ಮಗಳು ದೊಡ್ಡೋಳಾದಾಗ ಮೊದ್ಲು ಸೀರೆ ತಂದೋಳು ಅವಳೇ. ಆದ್ರೆ ಮೋಡ ನೋಡು, ದಿನಾ ಬತ್ತಾವೆ, ನಮ್ಮೂರ ಮ್ಯಾಲೆ ನಿಲ್ದಂಗೆ ಹೊಂಟೋಯ್ತಾವೆ” ಎಂದ ರಂಗಪ್ಪಣ್ಣ. ಆ ಸೀರೆಯನ್ನು ಅವನ ಹೆಂಡತಿ ಕೈಗೆ ತೆಗೆದುಕೊಳ್ಳದೆ ಮೊರದಲ್ಲಿ ಹಾಕಿಸಿಕೊಂಡದ್ದು ನನಗೆ ನೆನಪಿದೆ.

“ಅವಳು ಬದುಕಿದ್ದಾಗ ಮಳೆ ಬರ್ತಿರ್ಲಿಲ್ವಾ ರಂಗಪ್ಪಣ್ಣ?”

“ಬತ್ತಿತ್ತು.”

“ಮಣ್ಣಿನ ಮ್ಯಾಲೆ ಓಡಾಡ್ದಾಗ ಬಂದಿದ್ದು, ಮಣ್ಣೊಳಗೆ ಕುಂತ್ರೆ ಯಾಕೆ ನಿಲ್ತದೆ?”

“ಅದು ಹಂಗಲ್ಲ ಕಣವ್ವ. ಒಳಗಿದ್ರೆ ಭೂಮ್ತಾಯಿಗೇ ಮೈ ಬಿಳುಪಾಯ್ತದೆ” ಎಂದ, ಮಗುವಿಗೆ ಹೇಳುವಷ್ಟು ಮೆತ್ತಗೆ.

ಪೊಲೀಸರಿಗೆ ಹೇಳುತ್ತೇನೆ ಎಂದೆ. “ಹೇಳವ್ವ, ಅವರೂ ಬಿತ್ತೋರ ಮಕ್ಳೇ” ಎಂದ ಪಕ್ಕದವನು. ಇನ್ನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವಳದ್ದೂ ನಾಳೆ ಇದೇ ತಕರಾರು. ರಾಯದುರ್ಗದೋರು ಏನ್ ಮಾಡ್ತಾರೋ” ಎಂದ. “ಅಲ್ಲಿ ಬ್ಯಾರೆ ಮಳೆ ಬಿಡು” ಎಂದ ಮತ್ತೊಬ್ಬ. “ಎಲ್ಲಿ ಬ್ಯಾರೆ? ಅಲ್ಲಿನ ಭೈರವಾನಿತಿಪ್ಪ ಡ್ಯಾಮೂ ಒಣಗೈತಂತೆ.” ಹೀಗೆ ನನ್ನ ಹೆಣದ ಮೇಲೆ ಚರ್ಚೆ ಸಾಗಿತು. ಲೋಕದಲ್ಲಿ ಹುಲಿಯ ಬಾಯಿಂದ ಬದುಕಿ ಬಂದವರಿದ್ದಾರೆ, ಸಿಡಿಲು ಹೊಡೆದೂ ಉಳಿದವರಿದ್ದಾರೆ. ತನ್ನ ಹೆಣವನ್ನು ಏನು ಮಾಡಬೇಕೆಂದು ನಾಲ್ಕು ಜನ ಟೀ ಕುಡಿಯುತ್ತ ಮಾತಾಡುವುದನ್ನು ಎದುರಿಗೆ ಕೂತು ಕೇಳಿದವರು ಎಷ್ಟು ಜನ ಇದ್ದಾರು? ಆ ಕಾಗದದ ಲೋಟವನ್ನು ಹಿಸುಕಿದ್ದರಲ್ಲಿ ಟೀ ನನ್ನ ಸೀರೆಯ ಮೇಲೆಯೇ ಚೆಲ್ಲಿತು. ಸಿಟ್ಟಿನಲ್ಲಿ ನನಗೆ ಯಾವತ್ತೂ ಗುರಿ ಸರಿಯಿಲ್ಲ.

ಮಲ್ಲೇಶನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. “ನೀನು ಹೇಳೋ! ಕೈಯಾಗೆ ಕೈಯಿಟ್ಟು ಭಾಷೆ ಕೊಟ್ಟಿಲ್ವಾ?”

“ಊರ್ನ ಎದ್ರು ಹಾಕ್ಕೊಂಡು ಬಾಳಕ್ಕಾಯ್ತದಾ ಅಕ್ಕ? ನೀನು ಬಸ್ ಹತ್ತಿ ಹೊಂಟೋಯ್ತೀಯ. ನಾನಿಲ್ಲೇ ಇರ್ಬೇಕು.”

ಮಾತು ನಿಜ. ನಿಜವಾದದ್ದಕ್ಕೇ ನನಗೆ ಇನ್ನಷ್ಟು ಉರಿಯಿತು. ಅವಳ ಎದೆಯ ಮೇಲೆ ಮಲಗಿ ಬೆಳೆದವನು ಅವನು. ಅವನಿಗೆ ಮೈತುಂಬ ಅಮ್ಮ ಎದ್ದಾಗ ಹಗಲೂ ರಾತ್ರಿ ಬೇವಿನ ಸೊಪ್ಪು ಬೀಸುತ್ತ ಕೂತಿದ್ದವಳು ಅವಳು. ಆಗ ಆ ಕೈಗಳ ಬಣ್ಣ ಅವನಿಗೆ ಕಂಡಿರಲಿಲ್ಲ. ನಾನು ಎದ್ದು, ಕೊಡೆ ಬಿಚ್ಚಿಕೊಂಡು, ಸೀದಾ ತೋಟಕ್ಕೆ ಹೋಗಿ ದೊಡ್ಡತ್ತೆಯ ಸಮಾಧಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ. ಉಪಾಯವೇನೂ ಇರಲಿಲ್ಲ. ಬೇರೆ ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲ, ಅಷ್ಟೇ.

ಸ್ವಲ್ಪ ಹೊತ್ತಿಗೆ ಅವರೂ ಬಂದರು. ಗುದ್ದಲಿ, ಸನಿಕೆ, ಟ್ರಾಕ್ಟರಿನಲ್ಲಿ ಸೌದೆ, ಹಳೇ ಟೈರು. ಆ ಟೈರುಗಳನ್ನು ನೋಡಿದ್ದೇ ನನ್ನ ತಲೆ ಕೆಟ್ಟಿತು. ದೊಡ್ಡತ್ತೆಗೆ ಟೈರು! ಒಬ್ಬ ನನ್ನನ್ನು ಬಳಸಿ ಗುದ್ದಲಿ ಚಾಚಿ ಅಂಚಿನ ಮಣ್ಣು ಎಳೆಯಲು ನೋಡಿದ. ಕೊಡೆ ಮಡಿಸಿ ಗುದ್ದಲಿಯ ಕಾವಿನ ಮೇಲೆ ಬಾರಿಸಿದೆ. ಕಡ್ಡಿ ಮುರಿದದ್ದು ಆಗಲೇ. ಅವನು ಹಿಂದೆ ಹಾರಿದ. ಏಟು ಅವನಿಗೆ ಬಿದ್ದಿರಲಿಲ್ಲ, ನನ್ನ ಕೈ ಅವನ ಕೈಗೆ ತಾಗುವುದರಲ್ಲಿತ್ತು.

ಆಗ ನನಗೆ ಹೊಳೆಯಿತು.

“ಎಬ್ಬಿಸ್ರಪ್ಪ ನೋಡೋಣ” ಎಂದೆ. “ಗುದ್ದಲಿ ಯಾಕೆ? ರಟ್ಟೆ ಹಿಡ್ದು ಎಬ್ಬಿಸಿ. ನಾನೇನು ಆನೆಯಾ?”

ಯಾರೂ ಅಲುಗಲಿಲ್ಲ. ಹೆಂಗಸರನ್ನು ಕರೆಸಿದರು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ದೂರ ನಿಂತರು. ನನ್ನ ಜೊತೆ ಕುಂಟೆಬಿಲ್ಲೆ ಆಡಿದವರೂ ಅವರಲ್ಲಿದ್ದರು. ಅಷ್ಟೊಂದು ಜನ ಗಟ್ಟಿಮುಟ್ಟು ಗಂಡಸರು, ಟಗರನ್ನು ಕೊಂಬು ಹಿಡಿದು ಮಲಗಿಸುವವರು, ಮಂಡಿನೋವಿನ ಒಬ್ಬ ಹೆಂಗಸನ್ನು ಎತ್ತಿ ಪಕ್ಕಕ್ಕಿಡಲಾರದೆ ನಿಂತರು. ಚಿಕ್ಕಂದಿನಿಂದ ಯಾವುದಕ್ಕೆ ಅತ್ತಿದ್ದೆನೋ ಅದನ್ನೇ ಅವತ್ತು ಬೇಲಿ ಮಾಡಿಕೊಂಡು ಕೂತಿದ್ದೆ. ಸಂತೋಷವಾಯಿತೇ ಎಂದು ಕೇಳಬೇಡಿ. ಒಬ್ಬನಾದರೂ ಬಂದು ಕೈ ಹಿಡಿದು ಎಳೆದುಬಿಡಲಿ ಎಂದೂ ಒಳಗೆ ಅನ್ನಿಸುತ್ತಿತ್ತು. ಎಳೆದಿದ್ದರೆ ದೊಡ್ಡತ್ತೆ ಹೋಗುತ್ತಿದ್ದಳು. ಆದರೂ ಅನ್ನಿಸಿತು.

ಹೊತ್ತು ಇಳಿಯಿತು. ರಂಗಪ್ಪಣ್ಣ ಟವೆಲ್ಲು ಕೊಡವಿ ಮುಂದೆ ಬಂದ.

“ಆಯ್ತು ಬಿಡವ್ವ. ಇವಳ್ನ ಮುಟ್ಟಲ್ಲ. ನಿನ್ನದಾದ್ರೂ ಒಂದು ಮಾತು ಕೊಡು. ನಾಳೆ ನೀನು ಹೋದ್ಮೇಲೆ, ನಿನ್ನ ಸುಡಬೇಕು ಅಂತ ನೀನೇ ಭಾಷೆ ಕೊಟ್ಟುಬಿಡು. ಊರೂ ಒಪ್ತದೆ.”

ಅವನಿಗೆ ಅದು ನ್ಯಾಯವಾಗಿ ಕಂಡಿತ್ತು. ಸತ್ತವಳ ಬದಲು ಬದುಕಿರುವವಳು. ನಾನು ದೊಡ್ಡತ್ತೆಯ ಬಗ್ಗೆ ಯೋಚಿಸಿದೆ. ಒಬ್ಬಳಾದರೂ ತಣ್ಣಗಿರಲಿ ಎನ್ನಿಸಿತು.

“ತಗೋ ರಂಗಪ್ಪಣ್ಣ” ಎಂದು ಬಲಗೈ ಚಾಚಿದೆ. “ಕೊಡ್ತೀನಿ. ಕೈ ಇಡು.”

ಅವನು ನನ್ನ ಅಂಗೈ ನೋಡಿದ. ಆಮೇಲೆ ತನ್ನ ಅಂಗೈ ನೋಡಿಕೊಂಡ.

“ಬಾಯಾಗೆ ಹೇಳವ್ವ, ಸಾಕು.”

“ಬಾಯಿಮಾತು ಯಾವಾಗ ಭಾಷೆ ಆಯ್ತು ನಮ್ಮೂರಾಗೆ? ಬನ್ನಿ, ಯಾರಾದ್ರೂ ಬನ್ನಿ. ಕೈ ಇಡಿ, ಈಗ್ಲೇ ಕೊಡ್ತೀನಿ.”

ಕೈ ಚಾಚಿಯೇ ಇದ್ದೆ. ತೋಳು ನೋಯಲು ಶುರುವಾಯಿತು. ಒಬ್ಬೊಬ್ಬರೇ ಕುರಿ ಕೂಡುವ ಹೊತ್ತಾಯಿತು, ಹಾಲು ಕರೆಯಬೇಕು ಎನ್ನುತ್ತ ಜಾರಿಕೊಂಡರು. ಕೊನೆಗೆ ರಂಗಪ್ಪಣ್ಣನೂ ತಿರುಗಿದ. ಟ್ರಾಕ್ಟರು ಸೌದೆ, ಟೈರು ಹೊತ್ತು ಬಂದ ದಾರಿಯಲ್ಲೇ ಹೋಯಿತು.

ಮಲ್ಲೇಶ ಉಳಿದಿದ್ದ. ಹತ್ತಿರ ಬಂದು, “ಏಳಕ್ಕ, ಹೊತ್ತಾಯ್ತು” ಎಂದು ಕೈ ನೀಡಿದ. ನನ್ನ ಮಂಡಿಗಳು ಹಿಡಿದುಕೊಂಡು ಏಳಲು ಆಗುತ್ತಿರಲಿಲ್ಲ. ಆದರೂ ಆ ಕೈ ಹಿಡಿಯಲಿಲ್ಲ. “ಮೊದ್ಲು ಭಾಷೆ. ನೀನಿರೋವರ್ಗೂ ಯಾರೂ ಇಲ್ಲಿ ಗುದ್ದಲಿ ಹಾಕಕೂಡದು” ಎಂದೆ. ಅವನು ಅಳುತ್ತ ನನ್ನ ಕೈಯಲ್ಲಿ ಕೈಯಿಟ್ಟ. ಅವನ ಅಳುವಿಗೂ ನನಗೆ ಸಿಟ್ಟೇ ಬಂತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಭಾಷೆ ಉಳಿಸಿಕೊಂಡಿದ್ದಾನೆ. ಹಾಲಿನ ಡೈರಿಯಲ್ಲಿ ಅವನೊಡನೆ ಯಾರೂ ಮಾತಾಡುವುದಿಲ್ಲವಂತೆ. ಮಾತಾಡದಿದ್ದರೆ ಬಿಡಲಿ. ನನಗೂ ದೊಡ್ಡತ್ತೆಗೂ ಅದು ಅಭ್ಯಾಸವಾಗಿ ಹೋದದ್ದೇ.

ಈ ಕತೆ ಯಾರಿಗೆ ಹೇಳಿದರೂ, ಓದಿದವರು, ಒಳ್ಳೆಯವರು, ನನ್ನ ಪಕ್ಕದಲ್ಲೇ ಕೂತು ಊಟ ಮಾಡುವವರು ಕೂಡ, ಕೊನೆಗೆ ಒಂದು ಪ್ರಶ್ನೆ ಕೇಳುತ್ತಾರೆ: “ಆಮೇಲೆ ಮಳೆ ಬಂತಾ?” ನೀವೂ ಈಗ ಅದನ್ನೇ ಕೇಳಬೇಕೆಂದಿದ್ದಿರಿ. ಬಂತು ಎಂದರೆ ನೆಮ್ಮದಿಯಾಗುತ್ತದೆ, ಬರಲಿಲ್ಲ ಎಂದರೆ ಅಯ್ಯೋ ಎನ್ನುತ್ತೀರಿ. ಎರಡರಲ್ಲೂ ಮಳೆಯ ದಾರ ದೊಡ್ಡತ್ತೆಯ ಕೈಯಲ್ಲೇ ಉಳಿಯುತ್ತದೆ. ಹಾಗಾಗಿ ಹೇಳುವುದಿಲ್ಲ. ಬೇಕಾದರೆ ಆಕಾಶವನ್ನು ಕೇಳಿಕೊಳ್ಳಿ.

ರಿಪೇರಿಯವನ ಹತ್ತಿರ ಜಗಳವಾಡಿ ಮೊನ್ನೆ ಅಂಗಡಿಗೆ ಬಂದಾಗ ನಮ್ಮ ಮನೆಯವರು ಲೈನಿಂಗ್ ಬಟ್ಟೆ ಕತ್ತರಿಸುತ್ತಿದ್ದರು. ಮುರಿದ ಕೊಡೆಯನ್ನು ಕೌಂಟರಿನ ಮೇಲೆ ಒಗೆದು, ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. “ದೊಡ್ಡತ್ತೆಗೆ ನಾ ಇದ್ದೆ. ನನಗ ಯಾರು ಅದಾರ?”

ಅವರು ತಲೆಯೆತ್ತಲಿಲ್ಲ. “ಅದಕ್ಯಾಕ ಅಷ್ಟು ಚಿಂತಿ ಮಾಡ್ತಿ? ನೀ ಮೊದಲ ಹೋದ್ರ ನಾ ಬಂದು ಕುಂದರ್ತೀನಿ. ಈ ಕೊಡೆ ಒಂದು ಇಟ್ಟು ಹೋಗು.”

“ನೀವು ಕುಂತ್ರ ಏನು ಉಪಯೋಗರೀ? ನಿಮ್ಮನ್ನ ಎಬ್ಬಿಸ್ತಾರ.”

“ಯಾಕ ಎಬ್ಬಿಸ್ತಾರ?”

“ನಿಮ್ಮನ್ನಾದ್ರ ಮುಟ್ತಾರಲ್ರಿ.”

ಕತ್ತರಿಯ ಸದ್ದು ನಿಂತಿತು.